ಎಡಗಾಲಿನ ಕೆಲಸ

ಕಲ್ಮೇಶ ಮಾಸ್ತರ ಕಾರುಗಳ ಪತ್ರಿಕೆಯೊಂದನ್ನು ಅಂಬಾಸಿಡರಿನ ಬಾನೆಟ್ ಮೇಲೆ ಹರವಿ, ಗಾಳಿಗೆ ಹಾರದಂತೆ ಒಂದು ಕಡೆ ನಟ್ಟು ಬಿಚ್ಚುವ ಪಾನಾ, ಇನ್ನೊಂದು ಕಡೆ ತನ್ನ ಚಹಾದ ಗ್ಲಾಸು ಇಟ್ಟ. ಎರಡು ಪುಟದ ತುಂಬ ಒಂದೇ ಕಾರು, ಬುಗಾಟಿ. ಸಾವಿರದ ಒಂದು ಕುದುರೆಯ ಶಕ್ತಿ, ತಾಸಿಗೆ ನಾನೂರು ಕಿಲೋಮೀಟರ್ ಓಟ.

"ಇಲ್ಲಿ ನೋಡ್ರಿ ಕಾಕಾ, ಕಾಲ ಇಡೂ ಜಾಗಾ. ಎರಡ ಪೆಡಲ್ ಅದಾವ. ಕ್ಲಚ್ಚ ಇಲ್ಲ."

ಆ ಅಂಬಾಸಿಡರಿನ ಡ್ರೈವರ ಮೋದಿನಸಾಬ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಬಗ್ಗಿ ನೋಡಿದ. "ಅದನ್ನ ತಯಾರ ಮಾಡಿದಾಂವಗ ಎಡಗಾಲ ಇರಲಿಲ್ಲೇನೋ, ಪಾಪ" ಅಂದ. ಕಾರಿನ ಕೆಳಗೆ ಮಲಗಿದ್ದ ಅಬ್ದುಲರಜಾಕ ಮಿಸ್ತ್ರಿ ಅಲ್ಲಿಂದಲೇ ನಕ್ಕ.

ಇಂಡಿ ಪಟ್ಟಣದ ಅಗರಖೇಡ ರಸ್ತೆಯ ಈ ಗ್ಯಾರೇಜಿನಲ್ಲಿ ಪ್ರತಿ ರವಿವಾರ ಇದೇ ಪಂಚಾಯ್ತಿ. ಮೂವರಲ್ಲಿ ಒಬ್ಬನೂ ಅಂಥ ಕಾರನ್ನು ಕಣ್ಣಾರೆ ಕಂಡವನಲ್ಲ. ಊರಿನ ರಸ್ತೆಗಳಲ್ಲಿ ನಾನೂರು ಒತ್ತಟ್ಟಿಗಿರಲಿ, ನಲವತ್ತರಲ್ಲಿ ಹೋದರೂ ಒಳಗೆ ಕೂತವರ ಹಲ್ಲು ಸಡಿಲಾಗುತ್ತಿದ್ದವು. ಆದರೆ ವಾದ ಮಾಡಲಿಕ್ಕೆ ರಸ್ತೆ ಯಾಕೆ ಬೇಕು? ಮಾಸ್ತರನ ಪ್ರಕಾರ ಮನುಷ್ಯನ ಕೈಕಾಲು ನಿಧಾನ. ಕಣ್ಣು ಮಿಟುಕಿಸುವುದರೊಳಗೆ ಯಂತ್ರ ತಾನೇ ಗೇರು ಬದಲಿಸುತ್ತದೆ; ಫೆರಾರಿಯವರೂ ಗೇರನ್ನು ಸ್ಟೇರಿಂಗಿನ ಹಿಂದೆ ಎರಡು ಪಟ್ಟಿ ಮಾಡಿ ಇಟ್ಟುಬಿಟ್ಟಿದ್ದಾರೆ, ಬೆರಳು ತಾಗಿಸಿದರೆ ಸಾಕು. ಹಾಗಾದರೆ ಗಾಡಿ ಹೊಡೆಯುವವನು ಯಾರು ಎಂದು ಮೋದಿನಸಾಬ ಕೇಳುತ್ತಿದ್ದ. ಏರಿನಲ್ಲಿ ಗಾಡಿ ನರಳುತ್ತದೆ, ಆ ನರಳಾಟ ಕಿವಿಗೆ ಬಿದ್ದು, ಅಲ್ಲಿಂದ ಎಡಗಾಲಿಗೆ ಇಳಿದು, ಅಂಗೈಗೆ ಬರಬೇಕು. ಅದಕ್ಕೇ ಡ್ರೈವಿಂಗ್ ಅನ್ನುವುದು. ಗೇರಿಲ್ಲದ ಗಾಡಿ ಮೂಗುದಾರ ಇಲ್ಲದ ಎತ್ತು, ಅದು ಹೋದತ್ತ ನಾವು. ಮಾಸ್ತರ ಇನ್ನೂ ಬಾಯಿ ಮುಚ್ಚದಿದ್ದರೆ ಕೊನೆಯ ಬಾಣ ಒಂದಿತ್ತು: ಮಾಸ್ತರನ ಸ್ವಂತ ವಾಹನ ಗೇರೇ ಇಲ್ಲದ ಲೂನಾ ಮೊಪೆಡ್. ಲೂನಾ ಹೊಡೆಯುವವರಿಗೆ ಗೇರಿನ ಗಮ್ಮತ್ತು ಏನು ತಿಳಿದೀತು?

ಅವತ್ತೂ ಲೂನಾದ ಮಾತು ಬಂತು, ಮಾಸ್ತರ ಪತ್ರಿಕೆ ಸುತ್ತಿಕೊಂಡು ಎದ್ದು ಹೋದ. ಅವನು ಹೋದ ಮೇಲೆ ಮಿಸ್ತ್ರಿ ಕಾರಿನ ಕೆಳಗಿನಿಂದ ಹೊರಗೆ ಬಂದು, ಬಿಚ್ಚಿದ ಕ್ಲಚ್ ಪ್ಲೇಟನ್ನು ಮೋದಿನಸಾಬನ ಮುಂದೆ ಹಿಡಿದ. ಕರ್ರಗಾಗಿತ್ತು. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ.

"ಇದನ್ನ ಹಾಕಿ ಎಂಟ ತಿಂಗಳಾತು ಮೋದಿನ. ಮೊದಲ ನಿನ್ನ ಕೈಯಾಗ ಪ್ಲೇಟು ಮೂರ ವರ್ಷ ಬರ್ತಿತ್ತು. ಕಾಲು ಪೂರಾ ಒತ್ತಾಕತ್ತಿಲ್ಲ ನೀ."

"ಈಗಿನ ಮಾಲು ಖರಾಬ ಐತಿ" ಎಂದ ಮೋದಿನಸಾಬ.

ಮಿಸ್ತ್ರಿ ಪ್ಲೇಟನ್ನು ಮೂಲೆಗೆ ಒಗೆದ. ಸುಟ್ಟ ಪ್ಲೇಟು ನೋಡಿ ಹೊಡೆದವನ ಜಾತಕ ಹೇಳುವ ಮನುಷ್ಯ ಅವನು. ಅವನೆದುರು ಸುಳ್ಳು ಹೇಳುವುದೂ ಒಂದೇ, ಕನ್ನಡಿಯ ಎದುರು ಹೇಳುವುದೂ ಒಂದೇ.

ಎರಡು ವರ್ಷದಿಂದ ಮೋದಿನಸಾಬನ ಎಡ ಮೊಣಕಾಲು ಹದಗೆಟ್ಟಿತ್ತು. ಅಂಬಾಸಿಡರಿನ ಕ್ಲಚ್ಚು ಮೊದಲೇ ಬಿರುಸು. ಒತ್ತಿದಾಗಲೊಮ್ಮೆ ಚಿಪ್ಪಿನೊಳಗೆ ಮೊಳೆ ಹೊಡೆದಂತಾಗುತ್ತಿತ್ತು. ಅದಕ್ಕೆ ಅರ್ಧ ಒತ್ತಿ ಗೇರು ಬದಲಿಸುವುದನ್ನು ಕಲಿತಿದ್ದ. ದಿನಾ ಸಂಜೆ ಹೆಂಡತಿ ಮುಮ್ತಾಜ ಎಣ್ಣೆ ಕಾಸಿ ತಿಕ್ಕುತ್ತ, ಇಷ್ಟು ದೊಡ್ಡ ದವಾಖಾನೆಯ ಗಾಡಿ ಹೊಡೆಯುತ್ತೀರಿ, ಡಾಕ್ಟರರಿಗೆ ಒಂದು ಮಾತು ಹೇಳಬಾರದೇ ಎನ್ನುತ್ತಿದ್ದಳು. ಹೇಳಿದರೆ ಮರುದಿನ ಕೀಲಿಕೈ ಇನ್ನೊಬ್ಬನ ಕೈಗೆ ಹೋಗುತ್ತದೆ ಎನ್ನುವುದು ಅವಳಿಗೆ ತಿಳಿಯುತ್ತಿರಲಿಲ್ಲ.

ಡಾಕ್ಟರ್ ಸುವರ್ಣಾ ಇಂಡಿಯಲ್ಲಿ ಹೆರಿಗೆ ದವಾಖಾನೆ ತೆರೆದ ವರ್ಷವೇ ಮೋದಿನಸಾಬ ಅವರ ಗಾಡಿ ಹಿಡಿದಿದ್ದ. ಇಪ್ಪತ್ತೆರಡು ವರ್ಷ. ಸುತ್ತಲಿನ ಹಳ್ಳಿಗಳಲ್ಲಿ ಅವನ ಹಾರ್ನು ಕೇಳಿದರೆ ಬಸುರಿಯ ಮನೆಯವರು ನಿರಾಳವಾಗಿ ಉಸಿರು ಬಿಡುತ್ತಿದ್ದರು. ನಡುವೆ ಒಮ್ಮೆ ಡಾಕ್ಟರರಿಗೂ ಕಾರು ಕಲಿಯುವ ಉಮೇದು ಬಂದಿತ್ತು. ಕೂಸಿನ ತಲೆ ತಿರುಗಿಸುವ ಕೈಗೆ ಗೇರು, ಕಾಲಿಗೆ ಕ್ಲಚ್ಚು ಮಾತ್ರ ಒಗ್ಗಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ನಾಲ್ಕು ಸಲ ಎಂಜಿನ್ ಬಂದ್ ಆಗಿ, ಮಂದಿ ಕೂಡಿ, ಯಾರೋ ಸಿಳ್ಳೆ ಹೊಡೆದರು. ಅಂದಿನಿಂದ ಅವರು ಸ್ಟೇರಿಂಗ್ ಮುಟ್ಟಿರಲಿಲ್ಲ. ಮೋದಿನಸಾಬ ಅವತ್ತು ಬಹಳ ಸಮಾಧಾನ ಹೇಳಿದ್ದ. ಒಳಗೊಳಗೆ ಸಂತೋಷವೂ ಆಗಿತ್ತು, ಅದನ್ನೇಕೆ ಮುಚ್ಚಿಡಬೇಕು.

ಈಗ ಅಂಬಾಸಿಡರಿಗೆ ವಯಸ್ಸಾಗಿ, ಹೊಸ ಕಾರು ಕೊಳ್ಳುವ ಮಾತು ನಡೆದಿತ್ತು. ಒಂದೇ ಕಾರು, ಎರಡು ನಮೂನೆ: ಗೇರಿನದು, ಗೇರಿಲ್ಲದ್ದು. ಯಾವುದು ಅಂತ ನೀವೇ ಹೊಡೆದು ನೋಡಿ ಹೇಳಿ ಎಂದು ಡಾಕ್ಟರು ಅವನನ್ನು ಸೊಲ್ಲಾಪುರದ ಶೋರೂಮಿಗೆ ಕರೆದುಕೊಂಡು ಹೋದರು.

ಗೇರಿಲ್ಲದ ಕಾರಿನಲ್ಲಿ ಕೂತು ಹತ್ತು ಮಾರು ಹೋಗಿರಲಿಲ್ಲ, ಎರಡನೆಯ ಗೇರಿಗೆ ಹಾಕುವ ಹೊತ್ತಾಯಿತೆಂದು ಅವನ ಎಡಗಾಲು ರೂಢಿಯಂತೆ ಕ್ಲಚ್ಚು ಹುಡುಕಿ ಗಟ್ಟಿಯಾಗಿ ತುಳಿಯಿತು. ಅಲ್ಲಿದ್ದದ್ದು ಅಗಲವಾದ ಬ್ರೇಕು. ಕಾರು ಗಕ್ಕನೆ ನಿಂತು, ಹಿಂದೆ ಕೂತ ಡಾಕ್ಟರ ಚಾಳೀಸು ಹಾರಿ ಮುಂದಿನ ಸೀಟಿಗೆ ಬಿತ್ತು. ಶೋರೂಮಿನವನು ನಗು ನುಂಗಿಕೊಂಡು, ಹಳೆಯ ಡ್ರೈವರುಗಳೆಲ್ಲ ಹೀಗೇ ಮಾಡುತ್ತಾರೆ, ಎಡಗಾಲು ಮಡಚಿ ಹಿಂದಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಇಲ್ಲಿ ಕೆಲಸವಿಲ್ಲ ಎಂದ.

ಕೆಲಸವಿಲ್ಲದ ಕಾಲನ್ನು ಮಡಚಿಕೊಂಡು ಮೋದಿನಸಾಬ ಸೊಲ್ಲಾಪುರದ ಸಂತೆಯಂಥ ಬೀದಿಗಳಲ್ಲಿ ಅರ್ಧ ತಾಸು ಕಾರು ಹೊಡೆದ. ನಿಂತ, ಹೊರಟ, ಮತ್ತೆ ನಿಂತ. ತಿರುಗಿ ಬಂದು ಕೆಳಗಿಳಿದಾಗ ಕಾಲು ಊರಿದ. ನೋವಿಲ್ಲ. ಇನ್ನೊಮ್ಮೆ ಊರಿ ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ಗಾಡಿಯಿಂದ ಇಳಿದವನು ಬಾಗಿಲು ಹಿಡಿಯದೆ ನಿಂತಿದ್ದ. ಯಾ ಅಲ್ಲಾ ಎಂದುಕೊಂಡ.

ಹೇಗನಿಸಿತು ಎಂದು ಡಾಕ್ಟರು ಕೇಳಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಅವರೇ ಒಳಗೆ ಬಗ್ಗಿ ನೋಡಿ ನಕ್ಕರು. "ಎರಡ ಪೆಡಲ್! ಇದನ್ನ ನಾನೂ ಹೊಡೀಬಹುದ ನೋಡ್ರಿ. ಯಾರಿಗೂ ಕಾಯೂದ ಬ್ಯಾಡ."

ಮೋದಿನಸಾಬ ತೆರೆದ ಬಾಯಿ ಮುಚ್ಚಿದ. ಆಮೇಲೆ, "ಚಲೋ ಇಲ್ರಿ ಡಾಕ್ಟರ ಬಾಯಾರ. ನಮ್ಮ ಹಳ್ಳಿ ರಸ್ತೇಕ ಇದು ತಾಳೂದಿಲ್ಲ. ಗೇರಿಂದ ತಗೋರಿ" ಎಂದ.

ಡಾಕ್ಟರು ಎರಡನೆಯ ಮಾತಾಡಲಿಲ್ಲ. ಗಾಡಿಯ ವಿಷಯದಲ್ಲಿ ಮೋದಿನಸಾಬನ ಮಾತೆಂದರೆ ಮುಗಿಯಿತು. ಗೇರಿನ ಕಾರಿಗೆ ಸಹಿ ಹಾಕಿ ಬಂದರು. ಹದಿನೈದು ದಿನಕ್ಕೆ ಕಾರು ಬರುವುದಿತ್ತು.

ಆ ದಿನಗಳಲ್ಲಿ ಮೋದಿನಸಾಬನಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಗಾಡಿಯನ್ನೇ ಮತ್ತೆ ತೊಳೆದ. ರವಿವಾರ ಗ್ಯಾರೇಜಿಗೆ ಹೋದ. ಮಾಸ್ತರ ಹೊಸ ಕಾರೊಂದರ ಚಿತ್ರ ತೋರಿಸಿ, ಕೆಣಕಿ, ಕೊನೆಗೆ ಲೂನಾದ ಮಾತನ್ನು ತಾನೇ ಎತ್ತಿದರೂ ಇವನು ಬಾನೆಟ್ ಒರೆಸುತ್ತ ಕೂತ. ನೋವು ಕಳೆದುಹೋದ ಆ ಅರ್ಧ ತಾಸು ಅವನನ್ನು ಬಿಡುತ್ತಿರಲಿಲ್ಲ. ನೋವಿಗೆ ಹೇಗೋ ಹೊಂದಿಕೊಂಡಿದ್ದ ಕಾಲು ಈಗ ಮೊದಲಿಗಿಂತ ಹೆಚ್ಚು ನೋಯುತ್ತಿತ್ತು.

ಕಾರು ಬರಲು ನಾಲ್ಕು ದಿನವಿದ್ದಾಗ ಹಲಸಂಗಿಯಿಂದ ಫೋನು ಬಂತು. ಚೊಚ್ಚಲ ಹೆರಿಗೆ, ಕೂಸು ಅಡ್ಡವಾಗಿದೆ, ತಾಯಿಯನ್ನು ಅಲುಗಾಡಿಸುವ ಹಾಗಿಲ್ಲ. ಮಟಮಟ ಮಧ್ಯಾಹ್ನ. ಊರು ಇನ್ನೇನು ಬಂತೆನ್ನುವಾಗ ಕಾಲುವೆಯ ಏರಿ ಹತ್ತುವಲ್ಲಿ ಕುರಿಹಿಂಡು ಅಡ್ಡ ಬಂದು ಗಾಡಿ ನಿಲ್ಲಿಸಬೇಕಾಯಿತು. ಹಿಂಡು ದಾಟಿತು. ಮೊದಲನೆಯ ಗೇರಿಗೆ ಹಾಕಲು ಮೋದಿನಸಾಬ ಎಡಗಾಲು ಒತ್ತಿದ. ಮೊಣಕಾಲು ಹಿಡಿದುಕೊಂಡುಬಿಟ್ಟಿತು. ಅರ್ಧ ಒತ್ತಿದ, ಗೇರು ಕರಕರ ಎಂದಿತು, ಎಂಜಿನ್ ಬಂದ್ ಆಯಿತು, ಗಾಡಿ ಹಿಂದಕ್ಕೆ ಜಾರಿತು. ಎರಡನೆಯ ಸಲವೂ ಅದೇ. ಮೂರನೆಯ ಸಲ ಕೈಯಿಂದ ಮೊಣಕಾಲನ್ನು ಕೆಳಗೆ ದೂಡಿದ, ಆಗಲೂ ಆಗಲಿಲ್ಲ. ಡಾಕ್ಟರು ಬ್ಯಾಗು ಹಿಡಿದು ಇಳಿದು, ಆ ಬಿಸಿಲಲ್ಲಿ, ಐವತ್ತರ ಹತ್ತಿರದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿ ಹತ್ತಿ ಓಡಿದರು. ಮೋದಿನಸಾಬ ಸ್ಟೇರಿಂಗ್ ಹಿಡಿದು ಅವರ ಬೆನ್ನು ನೋಡುತ್ತ ಕೂತ. ಇದಕ್ಕಿಂತ ಸಾಯುವುದು ಲೇಸೆನಿಸಿತು.

ತಾಯಿ ಕೂಸು ಎರಡೂ ಉಳಿದವು. ಸಂಜೆಗೆ ಡಾಕ್ಟರು ತಿರುಗಿ ಬಂದು, ಬೆವರು ಒರೆಸಿಕೊಳ್ಳುತ್ತ ಗಾಡಿಯ ಬಾಗಿಲನ್ನು ಮೆಲ್ಲಗೆ ತಟ್ಟಿದರು. "ಪಾಪ, ಇದಕ್ಕೂ ವಯಸ್ಸಾತು. ಇರ್ಲಿ ಬಿಡ್ರಿ, ನಾಕ ದಿನದಾಗ ಹೊಸಾದು ಬರ್ತೈತಿ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಗಾಡಿ ಕಲಿಸಿದ ಉಸ್ತಾದ ಮೊದಲ ದಿನವೇ ಹೇಳಿದ್ದ: ತಪ್ಪು ಮಾಡಿದರೆ ಬೇಕಾದರೆ ನನ್ನ ಹೆಸರು ಹೇಳು, ಗಾಡಿಯ ಮೇಲೆ ಹಾಕಬೇಡ, ಅದಕ್ಕೆ ಬಾಯಿಲ್ಲ. ಮೂವತ್ತು ವರ್ಷ ಆ ಮಾತು ಕಾಯ್ದುಕೊಂಡು ಬಂದವನು ಈಚೆಗೆ ಒಮ್ಮೆ ಪ್ಲೇಟಿನ ಮೇಲೆ ಹಾಕಿದ್ದ, ಒಮ್ಮೆ ಸೊಲ್ಲಾಪುರದ ಕಾರಿನ ಮೇಲೆ ಹಾಕಿದ್ದ.

"ಗಾಡಿದೇನ ತಪ್ಪಿಲ್ರಿ ಬಾಯಾರ" ಎಂದ. "ನನ್ನ ಕಾಲ ಹೋಗೇತಿ. ಎರಡ ವರ್ಷ ಆತು. ಸೊಲ್ಲಾಪುರದಾಗ ನಾ ಸುಳ್ಳ ಹೇಳಿದೆ. ಆ ಗಾಡಿ ಭಾಳ ಚಲೋ ಐತ್ರಿ. ನೀವ ಹೊಡಿತೀರಿ ಅಂದ್ರೆಲ್ಲ, ಅದಕ್ಕ ಹೇಳಿದೆ."

ಡಾಕ್ಟರರಿಗೆ ಸಿಟ್ಟು ಬಂದಿತ್ತು, ಕೆನ್ನೆ ಬಿಗಿದಿದ್ದವು. ಕೊನೆಗೆ ಅವನ ಪೈಜಾಮ ಮೇಲೇರಿಸಲು ಹೇಳಿ, ಕಾಲುವೆಯ ದಂಡೆಯ ಮೇಲೆಯೇ ಮೊಣಕಾಲು ಒತ್ತಿ ನೋಡಿದರು.

"ಹೆರಗಿ ಡಾಕ್ಟರ್ ಅಂತ ಮಣಕಾಲ ತೋರಸಲಿಲ್ಲೇನು?"

ಮೋದಿನಸಾಬ ಪೈಜಾಮ ಕೆಳಗಿಳಿಸಿದ.

ಮರುದಿನ ಸೊಲ್ಲಾಪುರಕ್ಕೆ ಫೋನು ಹೋಯಿತು. ಒಂದು ವಾರ ತಡವಾಗಿ ಗೇರಿಲ್ಲದ ಕಾರು ಬಂತು. ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ದವಾಖಾನೆಯ ಆಯಾ ಆರತಿ ಹಿಡಿದು ಬಂದಳು. ಗಾಡಿಪೂಜೆಯಲ್ಲಿ ನಿಂಬೆಹಣ್ಣು ಒಡೆಸುವುದು ಇಷ್ಟು ವರ್ಷ ಮೋದಿನಸಾಬನ ಕೆಲಸ. ಈ ಸಲ ಡಾಕ್ಟರನ್ನು ಸ್ಟೇರಿಂಗಿಗೆ ಕೂಡಿಸಿ, ಎಡಗಾಲು ಮಡಚಿ ಹಿಂದಕ್ಕೆ ಇಟ್ಟುಕೊಳ್ಳಿರಿ, ಅದಕ್ಕೆ ಕೆಲಸವಿಲ್ಲ ಎಂದು ತಾನೇ ಹೇಳಿಕೊಟ್ಟ. ಅವರು ಬ್ರೇಕಿನ ಮೇಲಿನ ಕಾಲು ಸಡಿಲಿಸಿದ್ದೇ ತಡ, ಆಕ್ಸಿಲರೇಟರ್ ಮುಟ್ಟದೆ ಕಾರು ತಾನೇ ಮುಂದೆ ಹೊರಟು, ಆರತಿ ಮುಗಿಯುವ ಮೊದಲೇ ನಾಲ್ಕೂ ಹಣ್ಣು ಪಚಕ್ಕೆಂದವು. ನೋಡಲು ಬಂದಿದ್ದ ಕಲ್ಮೇಶ ಮಾಸ್ತರ, "ಸೋತ್ರ್ಯಾ ಕಾಕಾ?" ಎನ್ನಲು ಹೋಗಿ, ಮಿಸ್ತ್ರಿ ಮೊಣಕೈಯಿಂದ ತಿವಿದ ಮೇಲೆ ಸುಮ್ಮನಾದ.

ಮೂರು ವಾರ ಮೋದಿನಸಾಬ ಎಡಗಡೆಯ ಸೀಟಿನಲ್ಲಿ ಕೂತು ಕಲಿಸಿದ. ಬಸ್‌ಸ್ಟ್ಯಾಂಡಿನ ಮುಂದೆ ದಿನಾ ಎರಡು ಸಲ ಬೇಕೆಂದೇ ಹಾಯಿಸಿದ. ಡಾಕ್ಟರು ಮೊದಲು ಬೆವರಿದರು, ಆಮೇಲೆ ಹಾರ್ನು ಹೊಡೆದರು. ಮುಂದೇನು ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಹಳ್ಳಿಯಿಂದ ಫೋನು ಬಂತು. ಮೋದಿನಸಾಬ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಎಡಗಡೆಯ ಬಾಗಿಲಿಗೆ ಕೈ ಹಾಕಿದ. ಡಾಕ್ಟರು ಆಗಲೇ ಸ್ಟೇರಿಂಗಿನ ಮುಂದೆ ಕೂತಿದ್ದರು.

"ನೀವು ಯಾಕ ಬಿಸಲಾಗ? ಕುಂದರ್ರಿ ಮೋದಿನಸಾಬ. ನಾ ಹೋಗಿ ಬರ್ತೇನಿ."

ಅವನು ಹೋಗಿ ಗೇಟು ತೆಗೆದ. ಕಾರು ಹೊರಬಿದ್ದು ಅಗರಖೇಡ ರಸ್ತೆಗೆ ತಿರುಗಿತು. ಈ ಗೇಟಿನಿಂದ ಹೊರಟ ಗಾಡಿ ಬೇವಿನ ಮರದ ಹತ್ತಿರ ಎರಡನೆಯ ಗೇರಿಗೆ, ಪೋಸ್ಟ್ ಆಫೀಸಿನ ಹತ್ತಿರ ಮೂರನೆಯದಕ್ಕೆ ಬೀಳಬೇಕು. ಇಪ್ಪತ್ತೆರಡು ವರ್ಷ ಹಾಗೇ ಬಿದ್ದಿತ್ತು. ಅವನು ಕಿವಿಗೊಟ್ಟ. ಒಂದೇ ಸಮನೆ, ಎಲ್ಲೂ ತಡೆಯದೆ, ಸದ್ದು ಸಣ್ಣದಾಗುತ್ತ ಹೋಯಿತು. ಕಾರು ಬೇವಿನ ಮರವನ್ನು ದಾಟುವಾಗ, ಗೇಟು ಹಿಡಿದು ನಿಂತ ಮೋದಿನಸಾಬನ ಎಡಗಾಲು ನೆಲವನ್ನು ಪೂರಾ ಒತ್ತಿತು.