ಗ್ಯಾರೇಜಿನ ಕಣ್ಣು ಡಾಕ್ಟ್ರು

ನಮ್ಮ ಗ್ಯಾರೇಜಿನಲ್ಲಿ ಎಲ್ಲರ ಕಣ್ಣನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಅವರವರ ಹೆಂಡತಿಯರೂ ಅಷ್ಟು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಗ್ರೈಂಡರಿನ ಕಿಡಿಯೋ ತುಕ್ಕಿನ ಚೂರೋ ಕಣ್ಣಿಗೆ ಬಿದ್ದರೆ ಕೆಲಸ ಬಿಟ್ಟು ನನ್ನ ಹತ್ತಿರ ಬರುತ್ತಿದ್ದರು. ಬಾಗಿಲ ಬಳಿಯ ಹಳೇ ಟೈರಿನ ಮೇಲೆ ಕೂತು ಬೆಳಕಿಗೆ ಮುಖ ಎತ್ತುತ್ತಿದ್ದರು. ನಾನು ರೆಪ್ಪೆ ಮಗುಚಿ, ಕರವಸ್ತ್ರದ ತುದಿಯನ್ನು ಹುರಿ ಮಾಡಿ, ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಉಸಿರು ಬಿಗಿಹಿಡಿದು ಚೂರನ್ನು ಎತ್ತಿಬಿಡುತ್ತಿದ್ದೆ. ‘ಕಣ್ಣು ಡಾಕ್ಟ್ರು’ ಎಂದು ಹೆಸರಿಟ್ಟವನು ನಮ್ಮ ಗ್ಯಾರೇಜಿನ ಪೇಂಟರ್. ಹತ್ತು ವರ್ಷ ಆ ಹೆಸರಿನಲ್ಲೇ ಮೆರೆದೆ.

ಆ ಗಳಿಗೆ ನನಗೆ ಬಹಳ ಇಷ್ಟವಾಗಿತ್ತು, ಯಾಕೆ ಸುಳ್ಳು ಹೇಳಲಿ. ಸುತ್ತಿಗೆಗಳ ಸದ್ದು ಎಲ್ಲೋ ದೂರ ಸರಿದುಹೋಗುತ್ತಿತ್ತು. ತಗಡಿನ ಮಾಡಿನ ತೂತುಗಳಿಂದ ಬಿಸಿಲು ಇಳಿದು, ಅದರೊಳಗೆ ದೂಳು ನಿಧಾನವಾಗಿ ತೇಲುತ್ತಿತ್ತು. ಎದುರಿನ ಕಣ್ಣಿನ ನೀರಿನಲ್ಲಿ ಇಡೀ ಗ್ಯಾರೇಜು ಸಣ್ಣದಾಗಿ ನಿಂತಿರುತ್ತಿತ್ತು: ಜಾಕಿನ ಮೇಲೆ ಎತ್ತಿದ ಕಾರು, ತೆರೆದ ಬಾಗಿಲು, ಒಂದು ತುಂಡು ಆಕಾಶ, ನಡುವೆ ನನ್ನ ತಲೆ. ಅಲ್ಲಿಗೇ ಇಳಿದು ಒಂದು ಸುತ್ತು ಹಾಕಿ ಬರೋಣ ಅನ್ನಿಸುತ್ತಿತ್ತು.

ಮಾಲೀಕರು ಎಲ್ಲರಿಗೂ ಕಿಡಿ ತಡೆಯುವ ಪ್ಲಾಸ್ಟಿಕ್ ಕನ್ನಡಕ ತಂದುಕೊಟ್ಟಿದ್ದರು. ಅವು ನಮ್ಮ ಹಣೆಯ ಮೇಲಿರುತ್ತಿದ್ದವು. ಮಾಲೀಕರು ಬಂದರೆ ಮೂಗಿಗೆ ಇಳಿಯುತ್ತಿದ್ದವು, ಅವರು ಬೆನ್ನು ತಿರುಗಿಸಿದರೆ ಮತ್ತೆ ಹಣೆಗೆ. “ಬೆವರಿಗೆ ಮಬ್ಬಾಗುತ್ತೆ, ತೀಡೋ ಗೆರೆ ಕಾಣಲ್ಲ” ಅನ್ನುತ್ತಿದ್ದರು ನನ್ನ ಭಾವ. ಅಕ್ಕನ ಗಂಡ, ಗ್ಯಾರೇಜಿನ ಹಿರಿಯ ಟಿಂಕರ್, ನಜ್ಜುಗುಜ್ಜಾದ ಬಾಗಿಲನ್ನು ಹೊಸದರಂತೆ ಮಾಡುವವರು. ಗ್ರೈಂಡರ್ ಹಿಡಿದಾಗ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. “ಒಂದು ಸ್ಟೆಪ್ನಿ ಇರ್ಲಿ” ಎಂದು ನಗುತ್ತಿದ್ದರು. “ಏನಾದ್ರೂ ಬಿದ್ರೆ ಮನೇಲೇ ಡಾಕ್ಟ್ರು ಇದ್ದಾನಲ್ಲ.” ನಾನು ಉಬ್ಬಿಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಅವರ ಬಲಗಣ್ಣಿಗೆ ಚೂರು ಬಿತ್ತು. ಗಟ್ಟಿಯಾಗಿ ಅಂಟಿಕೊಂಡಿತ್ತು, ನಾಲ್ಕೈದು ಸಲ ಉಜ್ಜಿ ತೆಗೆದೆ. “ಕೈ ಅಂದ್ರೆ ಇದು” ಎಂದು ಬೆನ್ನು ತಟ್ಟಿ ಕೆಲಸಕ್ಕೆ ಹೋದರು. ಮೂರನೆಯ ದಿನ ಕಣ್ಣು ಕೆಂಡದಂತಾಗಿ, ನಡುವೆ ಅಕ್ಕಿನುಚ್ಚಿನಷ್ಟು ಬಿಳಿ ಮಚ್ಚೆ ಮೂಡಿತು. ಅಕ್ಕ ಫೋನಿನಲ್ಲಿ ಅಳುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು. “ಇದನ್ನ ಉಜ್ಜಿದವರು ಯಾರು?”

“ನನ್ನ ಭಾಮೈದ” ಎಂದರು ಭಾವ, ಹೆಮ್ಮೆಯಿಂದ. “ಕೈ ತುಂಬ ಹಗುರ.”

“ಚೂರು ಮಾಡಿದ್ದು ಸಣ್ಣ ಗಾಯ. ಬಟ್ಟೆ ಅದನ್ನ ಕೆರೆದು ದೊಡ್ಡದು ಮಾಡಿದೆ, ಎಂಜಲಿಂದ ಕೀವಾಗಿದೆ. ಈ ಕಣ್ಣು ಮೊದಲಿನ ಹಾಗೆ ಆಗಲ್ಲ.”

ನಾನು ಗೋಡೆಯ ಮೇಲಿನ ಅಕ್ಷರಗಳ ಹಲಗೆ ನೋಡುತ್ತ ನಿಂತೆ. ಕೊನೆಯ ಸಾಲಿನ ಇರುವೆಯಂಥ ಅಕ್ಷರವೂ ನನಗೆ ಕಾಣುತ್ತಿತ್ತು. ಅದಕ್ಕೇ ನಾಚಿಕೆಯಾಯಿತು.

ಭಾವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಿಂಗಳಾದ ಮೇಲೆ ಕೆಲಸಕ್ಕೆ ಬಂದವರು, ಬಲಗಣ್ಣಿಗೆ ಈಗ ಎಲ್ಲವೂ ಹಾಲಿನ ಪರದೆಯ ಆಚೆ ಇದ್ದಂತೆ ಕಾಣುತ್ತದೆ ಎಂದರು. ಉರಿಯುವ ಬಲ್ಬುಗಳೆಲ್ಲ ಸುತ್ತ ಬೆಳಕಿನ ಕೊಡೆ ಹಿಡಿದು ನಿಂತಿರುತ್ತವಂತೆ. “ಚೆನ್ನಾಗೇ ಇದೆ ಕಣೋ, ನಿಮ್ಮಕ್ಕ ಮದುವೆ ದಿನದ ಹಾಗೇ ಕಾಣ್ತಾಳೆ.”

ಆಗಿನಿಂದ ಕನಸಿನಲ್ಲಿ ನಾನೂ ಆ ಹಾಲಿನ ಆಚೆ ತಿರುಗುತ್ತೇನೆ. ಕಾರುಗಳು ಸದ್ದಿಲ್ಲದೆ ತೇಲಿಹೋಗುತ್ತವೆ. ಟೈರುಗಳ ಮೇಲೆ ಸಾಲಾಗಿ ಜನ ಮುಖ ಎತ್ತಿ ಕೂತಿರುತ್ತಾರೆ. ಒಂದೊಂದೇ ಕಣ್ಣಿನ ಮೇಲೆ ಬಾಗಿ ನೋಡಿದರೆ ಯಾವುದರಲ್ಲೂ ನಾನಿಲ್ಲ.

ನಾನು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದೆ. ಪೇಂಟರೂ ಇಳಿಸಿದ. ಮಬ್ಬಾದರೆ ಒರೆಸಿಕೊಂಡೆವು, ಅಷ್ಟೇನೂ ಬ್ರಹ್ಮವಿದ್ಯೆಯಲ್ಲ. ಭಾವನೂ ಹಾಕಿಕೊಂಡರು, ಆದರೆ ಒಂದೇ ಕಣ್ಣಿಗೆ ಗೆರೆ ಸರಿಯಾಗಿ ಸಿಗದೆ, ಕೊನೆಯ ಅಂಚು ತೀಡುವಾಗ ಕನ್ನಡಕವನ್ನು ಹಣೆಗೆ ಏರಿಸಿಬಿಡುತ್ತಿದ್ದರು. ನಾನು ಕೂಗಿದರೆ “ಒಂದೇ ನಿಮಿಷ, ಮಾರಾಯ” ಅನ್ನುತ್ತಿದ್ದರು.

ಅಂಥದೇ ಒಂದು ನಿಮಿಷದಲ್ಲಿ ಗ್ರೈಂಡರ್ ಸದ್ದು ತಟ್ಟನೆ ನಿಂತಿತು. ಭಾವ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ತಡವರಿಸುತ್ತ ನೇರ ನನ್ನ ಹತ್ತಿರ ಬಂದರು. ಟೈರಿನ ಮೇಲೆ ಕೂತು ಮುಖ ಎತ್ತಿದರು. ಅವರಿಗೆ ಉಳಿದಿದ್ದ ಒಂದೇ ಒಳ್ಳೆಯ ಕಣ್ಣು ಅದು.

“ತೆಗಿ, ಬೇಗ.”

“ಆಸ್ಪತ್ರೆಗೆ ಹೋಗೋಣ, ಏಳಿ.”

“ಅವ್ರಿಗೆ ನಿನ್ನ ಕೈ ಎಲ್ಲಿಂದ ಬರ್ಬೇಕು? ಅವತ್ತು ಏನೋ ಗ್ರಹಚಾರ, ಅಷ್ಟೇ. ನನಗೆ ನಿನ್ನ ಮೇಲೇ ನಂಬಿಕೆ.”

ಚೂರು ಕಾಣುತ್ತಿತ್ತು. ಕಪ್ಪು ಗುಡ್ಡೆಯ ಅಂಚಿನಲ್ಲಿ, ಈಗ ಎತ್ತಿಬಿಡಬಹುದು ಅನ್ನಿಸುವಷ್ಟು ಹತ್ತಿರ. ಕೈ ತಾನಾಗೇ ಜೇಬಿಗೆ ಹೋಯಿತು. ಅಲ್ಲೇ ಮುಷ್ಟಿ ಬಿಗಿಹಿಡಿದೆ.

“ಭಾವ, ನನಗೆ ಬರಲ್ಲ.”

“ಏನು ಬರಲ್ಲ?”

“ಈ ಕೆಲಸ. ಯಾವತ್ತೂ ಬರ್ತಿರ್ಲಿಲ್ಲ. ಇಷ್ಟು ವರ್ಷ ಎಲ್ಲರ ಅದೃಷ್ಟ ಚೆನ್ನಾಗಿತ್ತು. ನಿಮ್ಮ ಕಣ್ಣು ಕಳೆದದ್ದು ಗ್ರಹಚಾರ ಅಲ್ಲ. ನಾನು.”

ಪೇಂಟರ್ ಕೈಯಲ್ಲಿದ್ದದ್ದನ್ನು ಕೆಳಗಿಟ್ಟ. ಭಾವ ಎಷ್ಟೋ ಹೊತ್ತು ಮುಖ ಎತ್ತಿಕೊಂಡೇ ಕೂತಿದ್ದರು.

ಆ ಚೂರನ್ನು ಡಾಕ್ಟರಮ್ಮ ಐದು ನಿಮಿಷದಲ್ಲಿ ತೆಗೆದರು, ಕಣ್ಣು ಉಳಿಯಿತು. ಆದರೆ ನನಗೆ ಮರೆಯಲಾಗದಿರುವುದು ಅಲ್ಲಿಗೆ ಹೋದ ದಾರಿ. ಬೀದಿಯ ಬಿಸಿಲು ನೀರಿನಂತೆ ಅಲುಗುತ್ತಿತ್ತು. ಭಾವ ಎರಡೂ ಕಣ್ಣು ಮುಚ್ಚಿ, ನನ್ನ ಹೆಗಲ ಮೇಲೆ ಕೈಯಿಟ್ಟು ಬಂದರು. ಆಸ್ಪತ್ರೆಯ ಬಾಗಿಲವರೆಗೂ ಅವರು ಆಡಿದ್ದು ಒಂದೇ ಮಾತು.

“ಮೆಟ್ಟಿಲು ಬಂದ್ರೆ ಹೇಳೋ.”