ಯಾರೂ ಮೈಕು ಮುಟ್ಟಬಾರದು

"ಯಾರೂ ಮೈಕು ಮುಟ್ಟಬಾರದು," ಅಂದ ನಿಕಿಫೋರ್, ಮೀನು ತುಂಬಿ ಬೇಯಿಸಿದ ಪಿರೋಕ್ ಕಡುಬಿನ ತಟ್ಟೆಯನ್ನು ತನ್ನತ್ತ ಎಳೆದುಕೊಳ್ಳುತ್ತ.

ಅಡಿಗೆಮನೆಯ ಕಪಾಟಿನ ಮೇಲಿದ್ದ ರೇಡಿಯೊ ಸೆಟ್ಟಿನಿಂದ ಮೆಫೋಡಿಯ ದನಿ ಮತ್ತೆ ಬಂತು. "ಯಾರಾದ್ರೂ ಇದೀರೇನ್ರೋ? ಭೂಶಿರದ ಹತ್ರ ಗಾಳಿ ಹೆಂಗಿದೆ?"

ಸ್ಟೆಪನಿದಾ ಒಲೆಯ ಮುಂದೆ ನಿಂತೇ ಇದ್ದಳು. ಕರೆಯುತ್ತಿದ್ದವನು ಅವಳ ತಮ್ಮ, ಸುಮ್ಮನಿರು ಅನ್ನುತ್ತಿದ್ದವನು ಗಂಡ.

ಕೋಡಿಯಾಕ್ ದ್ವೀಪದ ಆ ಊರಿನಲ್ಲಿ ಪ್ರತಿ ಅಡಿಗೆಮನೆಯಲ್ಲೂ ಇಂಥದೊಂದು ಸೆಟ್ಟು ಹಗಲೆಲ್ಲ ಬಡಬಡಿಸುತ್ತಿರುತ್ತದೆ. ಯಾರ ಗುಟ್ಟೂ ಯಾರಿಗೂ ಗುಟ್ಟಲ್ಲ. ಇವತ್ತು ಮಾತ್ರ ಊರಿಗೆ ಊರೇ ಕಿವಿ ತೆರೆದುಕೊಂಡು, ಬಾಯಿ ಹೊಲಿದುಕೊಂಡು ಕೂತಿತ್ತು. ಏಡಿ ಹಿಡಿಯುವ ಕಾಲದಲ್ಲಿ ಹವೆ ಕೆಟ್ಟರೆ ಎಲ್ಲ ಬೋಟುಗಳೂ ಬಂದರಿನಲ್ಲೇ ನಿಲ್ಲಬೇಕು, ತಿಳಿಯಾದ ಮೇಲೆ ಒಟ್ಟಿಗೇ ಹೊರಡಬೇಕು ಎಂದು ಅವರವರಲ್ಲೇ ಒಪ್ಪಂದ. ಮುರಿದವನಿಗೆ ಶಿಕ್ಷೆ ಏನೆಂದರೆ, ಅವನು ಕರೆದರೆ ಯಾರೂ ಓಗೊಡುವುದಿಲ್ಲ. ಒಂಟಿಯಾದೆ ಎಂದು ಅಂಜಿ ತಾನೇ ವಾಪಸು ಬರುತ್ತಾನೆ ಎನ್ನುವ ಲೆಕ್ಕ. ಆ ಒಪ್ಪಂದಕ್ಕೆ ಈಗ ನಿಕಿಫೋರನೇ ಯಜಮಾನ.

ಹೋದ ಶರತ್ಕಾಲದಲ್ಲಿ ರೇಡಿಯೊದವರು ಇಡೀ ಚಳಿಗಾಲದ ಮುನ್ನೋಟ ಓದಿದ್ದರು. ಕರಾವಳಿಗೆ ಹಿಮಕ್ಕಿಂತ ಮಳೆ ಹೆಚ್ಚು, ಬೆಟ್ಟಗಳಲ್ಲಿ ಒದ್ದೆ ಹಿಮ, ವಿಮಾನದವರಿಗೆ ತಗ್ಗು ಮೋಡ, ಬೋಟಿನವರಿಗೆ ಮಂಜುಗಡ್ಡೆಯ ಕಾಟ ಕಡಿಮೆ. ಸರಾಸರಿಯಲ್ಲಿ ಬೆಚ್ಚಗಿನ ಚಳಿಗಾಲ. ಮೆಫೋಡಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಏಡಿಯ ಬೋನುಗಳನ್ನು ಬೋಟಿನ ಮೇಲೆ ಇನ್ನೊಂದು ಸಾಲು ಎತ್ತರಕ್ಕೆ ಪೇರಿಸಿದ. ಇವತ್ತಿನ ಮುನ್ಸೂಚನೆಯಲ್ಲಿ ವಾಯವ್ಯದ ಬಿರುಗಾಳಿ ಇತ್ತು, ಎರಚಿದ ನೀರು ಬಿದ್ದಲ್ಲೇ ಗಡ್ಡೆಕಟ್ಟುವಷ್ಟು ಚಳಿ ಇತ್ತು. ಆಳುಗಳು ಬರುವುದಿಲ್ಲ ಅಂದರು. ಅವನು ಒಬ್ಬನೇ ಹೊರಟ.

"ನಿನ್ನೆ ಇಳಿಯುವಾಗ್ಲೇ ನನ್ನ ವಿಮಾನದ ರೆಕ್ಕೆ ಮೇಲೆ ಮಂಜುಗಡ್ಡೆ ಕೂತಿತ್ತು," ಅಂದ ರೂಬೆನ್. ಬೆಟ್ಟದ ಕಣಿವೆ ಮೋಡದಿಂದ ಮುಚ್ಚಿಕೊಂಡದ್ದರಿಂದ ಹಾರಲಾಗದೆ ಅವರ ಮನೆಯಲ್ಲೇ ಉಳಿದ ಪೈಲಟ್ ಅವನು. "ಒಂದು ಮಾತು ಹೇಳಿಬಿಡಪ್ಪ."

"ನೀನು ಆಕಾಶದವನು. ತಿನ್ನು ಸುಮ್ನೆ."

ಸೆಟ್ಟಿನಲ್ಲಿ ನಗು ಕೇಳಿಸಿತು. "ಓಹೋ, ಗೊತ್ತಾಯ್ತು ಬಿಡ್ರೋ! ನೀವೂ ಕದ್ದು ಹೊರಟಿದೀರ. ಜಾಗ ಗೊತ್ತಾಗಬಾರ್ದು ಅಂತ ತುಟಿ ಬಿಚ್ತಾ ಇಲ್ಲ. ಬನ್ನಿ ಬನ್ನಿ, ಅಷ್ಟೊತ್ತಿಗೆ ನಾನು ಭೂಶಿರ ದಾಟಿರ್ತೀನಿ."

ನಿಕಿಫೋರನ ಕೈ ತಟ್ಟೆಯಲ್ಲೇ ನಿಂತಿತು. ಏಡಿ ಹೆಚ್ಚು ಸಿಗುವ ಜಾಗಕ್ಕೆ ಹೊರಟವನೂ ರೇಡಿಯೊದಲ್ಲಿ ಹೀಗೇ ಮಾತು ನಿಲ್ಲಿಸುತ್ತಾನೆ. ಎಲ್ಲರೂ ಮಾಡುವ ಕೆಲಸ ಅದು. ಶಿಕ್ಷೆ ಕೊಡಲು ಕೂತವರಲ್ಲಿ ಒಬ್ಬನಿಗೂ ಅದು ಹೊಳೆದಿರಲಿಲ್ಲ.

ಸ್ಟೆಪನಿದಾ ಮೈಕು ಕಿತ್ತುಕೊಂಡಳು. "ಮೆಫೋಡಿ, ನಾನು ಕಣೋ, ಅಕ್ಕ. ಯಾರೂ ಹೊರಟಿಲ್ಲ. ಎಲ್ಲಾ ಬೋಟೂ ಇಲ್ಲೇ ಕಟ್ಟಿವೆ. ತಿರುಗಿಸ್ಕೊಂಡು ಬಾ."

"ಭಾವ ಪಕ್ಕದಲ್ಲಿ ನಿಂತು ಹೇಳಿಕೊಡ್ತಿದಾನಾ ಅಕ್ಕಾ? ಎಲ್ರೂ ಅಲ್ಲೇ ಇದ್ದಿದ್ರೆ ಇಷ್ಟೊತ್ತಿಗೆ ಒಬ್ಬನಾದ್ರೂ ಬೈತಿದ್ನಲ್ಲ."

ಅವಳು ಮೈಕನ್ನು ಗಂಡನ ಮುಂದೆ ಹಿಡಿದಳು. "ನೀನು ಬಯ್ಯಿ. ಬಾಯಿಗೆ ಬಂದಂಗೆ ಬಯ್ಯಿ. ಆಗ ನಂಬ್ತಾನೆ."

"ನಾನೇ ಮಾತು ಮುರಿದ್ರೆ ನಾಳೆ ನನ್ನನ್ನ ಯಾರು ಕೇಳ್ತಾರೆ?"

"ಅವನು ಸತ್ರೆ?"

"ಸಾಯಲ್ಲ. ಸೊಕ್ಕು ಇಳಿಯುತ್ತೆ ಅಷ್ಟೆ."

ಬೇರೆ ಯಾವ ಮನೆಯವರೂ ತುಟಿ ಬಿಚ್ಚಲಿಲ್ಲ. ಕೇಳುತ್ತಿದ್ದದ್ದಂತೂ ನಿಜ. ಇಂಥ ಧರ್ಮಿಷ್ಠರ ಕೈಗೆ ನಾಯಿಯೂ ಸಿಗಬಾರದು.

ಆಮೇಲೆ ಬಂದ ದನಿಯಲ್ಲಿ ನಗು ಇರಲಿಲ್ಲ. "ಅಕ್ಕಾ, ಬೋನೆಲ್ಲಾ ಬೆಳ್ಳಗಾಗಿದೆ. ಎಷ್ಟು ಬಡಿದ್ರೂ ಗಡ್ಡೆ ಬೀಳ್ತಿಲ್ಲ. ಬೋಟು ವಾಲಿದ್ರೆ ಬೇಗ ಏಳ್ತಾ ಇಲ್ಲ..."

ನಿಕಿಫೋರ್ ಕುರ್ಚಿ ಉರುಳಿಸಿ ಎದ್ದು ಮೈಕು ಕಸಿದುಕೊಂಡ. "ಹಗ್ಗ ಕಡಿಯೋ! ಬೋನುಗಳನ್ನ ನೀರಿಗೆ ತಳ್ಳು! ನಾವ್ಯಾರೂ ಹೊರಟಿಲ್ಲ ಕಣೋ ಕತ್ತೆ, ಎಲ್ಲಾ ಇಲ್ಲೇ ಇದೀವಿ!"

ಯಜಮಾನನ ದನಿ ಕೇಳಿದ್ದೇ ತಡ, ಅಡಿಗೆಮನೆಗಳೆಲ್ಲ ಒಟ್ಟಿಗೇ ಬಾಯಿಬಿಟ್ಟವು. ಒಬ್ಬ ತೀರದ ಕಡೆಗೆ ತಿರುಗಿಸು ಅಂದ, ಒಬ್ಬಳು ಪ್ರಾರ್ಥನೆ ಶುರು ಮಾಡಿದಳು, ಯಾರೋ ಅಳುತ್ತಲೇ ಬೈದರು. ಕರಾವಳಿ ರಕ್ಷಣೆಯವರಿಗೆ ಫೋನು ಮಾಡಿದ್ದ ರೂಬೆನ್ ತಿರುಗಿ ನೋಡದೆ ಹೇಳಿದ, "ಹೆಲಿಕಾಪ್ಟರೂ ಕಣಿವೆ ತೆರೆಯೋವರೆಗೂ ಬರೋಕಾಗಲ್ವಂತೆ."

ಮೆಫೋಡಿಯಿಂದ ಏನೂ ಬರಲಿಲ್ಲ. ನಿಕಿಫೋರ್ ಮೈಕಿನ ಗುಂಡಿ ಒತ್ತಿ ಹಿಡಿದು ಕೂಗುತ್ತಲೇ ಇದ್ದ, ಚಿಕ್ಕಂದಿನ ಹೆಸರು ಹಿಡಿದು, ಮಗನೇ, ತಮ್ಮಾ ಎಂದು.

ಸ್ಟೆಪನಿದಾ ಗಂಡನ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲಿಂದ ಬಿಡಿಸತೊಡಗಿದಳು.

"ಬಿಡು. ಒತ್ತಿ ಹಿಡಿದಿದ್ರೆ ಅವನು ಮಾತಾಡಿದ್ರೂ ಕೇಳ್ಸಲ್ಲ."

ಬೆರಳು ಏಳುವ ಮುಂಚೆ ಅವಳು ಹೇಳಿದ್ದು ಬೇರೆಯವರಿಗೂ ಕೇಳಿಸಿರಬೇಕು. ಒಂದೊಂದೇ ದನಿ ನಿಂತಿತು. ಮೆಫೋಡಿಯ ಮಾತಿಗೆ ಜಾಗ ಬಿಟ್ಟು ಊರೆಲ್ಲ ಸುಮ್ಮನಾಯಿತು. ಸೆಟ್ಟು ಸರಸರ ಎನ್ನುತ್ತಲೇ ಇತ್ತು.