ಕೈಸನ್ನೆ

ಮೂರನೆಯ ಸಲವೂ ಮಷೀನು ಗುರುಗುಟ್ಟಿ ನಿಂತುಬಿಟ್ಟಿತು. ಹೊಂಗೆಯ ಟೊಂಗೆಯೊಂದು ಅದರ ಬಾಯಲ್ಲಿ ಅರ್ಧ ಸಿಕ್ಕಿಕೊಂಡಿತ್ತು. ಲಿಂಗಣ್ಣ ಸಣ್ಣ ಟ್ರ್ಯಾಕ್ಟರಿನ ಎಂಜಿನ್ ಬಂದ್ ಮಾಡಿ ಬಂದು, ಟೊಂಗೆಯನ್ನು ಎರಡೂ ಕೈಯಿಂದ ಹಿಂದಕ್ಕೆ ಜಗ್ಗಿದ.

ಗಚ್ಚಿಬೌಲಿಯ ಆ ಅಪಾರ್ಟ್‌ಮೆಂಟಿನ ಗಿಡಮರ ನೋಡಿಕೊಳ್ಳುತ್ತ ಲಿಂಗಣ್ಣ, ಗದಿಗೆಮ್ಮ ದಂಪತಿಗೆ ಒಂಬತ್ತು ವರ್ಷವಾಗಿತ್ತು. ಕಡಿದ ಟೊಂಗೆಗಳನ್ನು ಅಲ್ಲೇ ಚೂರು ಮಾಡಿ ಗಿಡಗಳ ಬುಡಕ್ಕೆ ಹಾಕಲೆಂದು ಈಚೆಗೆ ಈ ಮಷೀನು ಬಂದಿತ್ತು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಎರಡು ಪೈಪುಗಳಲ್ಲಿ ಹರಿದು ಅದರ ಬ್ಲೇಡುಗಳನ್ನು ತಿರುಗಿಸಬೇಕು. ಟ್ರ್ಯಾಕ್ಟರ್ ಸಣ್ಣದು, ಎಣ್ಣೆಯ ರಭಸವೂ ಅಷ್ಟಕ್ಕಷ್ಟೆ. ದಪ್ಪ ಟೊಂಗೆ ಒಳಗೆ ಹೋದೊಡನೆ ಸದ್ದು ಕುಗ್ಗುತ್ತದೆ. ಆಗ ಕೈ ತಡೆದು, ಸದ್ದು ಮತ್ತೆ ಏರುವವರೆಗೆ ಕಾಯಬೇಕು. ಲಿಂಗಣ್ಣ ಕಾಯುತ್ತಿರಲಿಲ್ಲ. ಹಿಂದಿನಿಂದ ಗದಿಗೆಮ್ಮ "ತಡೀರಿ, ತಡೀರಿ" ಎಂದು ಮೂರು ಸಲವೂ ಕೂಗಿದ್ದಳು.

ಸೂಪರ್‌ವೈಸರ್ ಮಹೇಶಕುಮಾರ ಬಂದ. ಬೀದರ ಕಡೆಯವನು. "ಲಿಂಗಣ್ಣ, ಮಂದಿ ನೋಡಾಕತ್ತಾರ. ನಿನ್ನಿಂದ ಆಗಲಿಲ್ಲಂದ್ರ ನಾಳಿಂದ ಬ್ಯಾರೆಯವರನ್ನ ಕರಸ್ತೀನಿ."

"ಆತ್ರಿ ಸಾಹೇಬ್ರ," ಎಂದು ಲಿಂಗಣ್ಣ ನಕ್ಕ.

ಆ ನಗು ನೋಡಿ ಗದಿಗೆಮ್ಮನಿಗೆ ಥಟ್ಟನೆ ಹೊಳೆಯಿತು. ಎಂಜಿನ್ ನಿಂತಿದೆ, ಸುತ್ತ ಸದ್ದೇ ಇಲ್ಲ, ಆದರೂ ಗಂಡನಿಗೆ ಒಂದು ಮಾತೂ ಕೇಳಿಸಿಲ್ಲ. ಎಷ್ಟೋ ದಿನದಿಂದ ಅವಳು ಕರೆದರೆ ಅವನು ಓಗೊಡುತ್ತಿರಲಿಲ್ಲ. ಇವರಿಗೆ ಸೊಕ್ಕು ಬಂದೈತಿ ಎಂದು ಒಂದು ವಾರ ಮಾತು ಬಿಟ್ಟೂ ನೋಡಿದ್ದಳು.

ಮಹೇಶಕುಮಾರನ ಹುಬ್ಬು ಗಂಟಿಕ್ಕುವುದರೊಳಗೆ ಅವಳು ನಡುವೆ ಬಂದು ನಿಂತಳು. "ಸಾಹೇಬ್ರ, ಈ ಮಷೀನಿನ ಗದ್ದಲದಾಗ ನಾ ಒದರಿದ್ರ ಯಾರಿಗೂ ಕೇಳಂಗಿಲ್ರಿ. ಮಷೀನ್ ನಿಂದರಸೋ ಲಿವರ್ ಹತ್ರ ನಾ ನಿಂದರ್ತೀನಿ. ಅವರು ನನ್ನ ಕೈ ನೋಡಿ ಟೊಂಗಿ ಹಾಕಲಿ."

"ನಿನಗ ಮಷೀನ್ ತಿಳೀತದೇನವಾ?"

"ಮಷೀನ್ ತಿಳ್ಯಂಗಿಲ್ರಿ. ಸಪ್ಪಳ ತಿಳೀತೈತಿ."

ಅವಳು ಗಂಡನ ಎದುರಿಗೆ ಹೋಗಿ, ಅಂಗೈ ಎತ್ತಿ ತೋರಿಸಿದಳು: ನಿಲ್ಲು. ಇಳಿಸಿದಳು: ಹಾಕು. ಲಿಂಗಣ್ಣ ಅವಳ ಮುಖವನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ ಎಂಜಿನ್ ಚಾಲೂ ಮಾಡಿದ.

ಟೊಂಗೆ ಒಳಗೆ ಹೋಯಿತು. ಸದ್ದು ಕುಗ್ಗಿತು, ಅವಳ ಕೈ ಮೇಲೆದ್ದಿತು, ಅವನು ತಡೆದ. ಸದ್ದು ಏರಿತು, ಕೈ ಇಳಿಯಿತು. ಚೂರುಗಳು ಕಮಾನಿನಂತೆ ಹಾರಿ ಬೀಳತೊಡಗಿದವು. ಸ್ವಲ್ಪ ಹೊತ್ತು ನೋಡಿದ ಮಹೇಶಕುಮಾರ ತಲೆಯಾಡಿಸಿ ಹೊರಟುಹೋದ.

ಮಧ್ಯಾಹ್ನ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿದರು.

"ಯಾವಾಗಿಂದ?" ಗದಿಗೆಮ್ಮ ಅವನ ಮುಖದ ಹತ್ತಿರ ಬಾಗಿ, ಕಿವಿ ಮುಟ್ಟಿಕೊಂಡು ಕೇಳಿದಳು.

"ಯುಗಾದಿ ಆದ ಮ್ಯಾಲ. ಎಡಗಡೇದು ಪೂರಾ ಹೋಗೈತಿ. ಬಲಗಡೆ ಒಂದಿಷ್ಟು ಕೇಳ್ತೈತಿ."

"ನನಗರ ಹೇಳಬಾರದೇನ್ರಿ?"

ಲಿಂಗಣ್ಣ ರೊಟ್ಟಿ ಮುರಿದ. "ನೀ ಅಂಜತಿ ಅಂತ," ಎಂದ.

ಗದಿಗೆಮ್ಮ ಬುತ್ತಿ ಎತ್ತಿಕೊಂಡು ಎದ್ದಳು. ಅವನನ್ನು ಸುತ್ತುಹಾಕಿ ಬಲಗಡೆ ಬಂದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಳು.

"ಇನ್ನೊಂದು ರೊಟ್ಟಿ ಹಾಕಲೇನ್ರಿ?" ಎಂದು ಕೂಗಿದಳು.

"ಹಾಕು!" ಎಂದ ಲಿಂಗಣ್ಣ, ಅವಳಿಗಿಂತ ಜೋರಾಗಿ. ಎರಡನೆಯ ಮಹಡಿಯ ಬಾಲ್ಕನಿಯಿಂದ ಯಾರೋ ಬಗ್ಗಿ ನೋಡಿದರು.